ಹನ್ನೆರಡನೇ ಫ್ರೆಟ್ಟಿನಲ್ಲಿ ಡೋರಿಯನ್

ಕೇಳುಗರಿಗೆ ನಮಸ್ಕಾರ. ಮಂಗಳೂರಿನಲ್ಲಿ ಗಿಟಾರಿಗೆ ಬರವಿಲ್ಲ. ಇಗರ್ಜಿಯ ಗಾಯನ ಮಂಡಳಿಯಲ್ಲಿದೆ, ಕೊಂಕಣಿ ಕ್ರೈಸ್ತರ ಮದುವೆಗೆ ಮುಂಚಿನ ರೋಸ್ ಶಾಸ್ತ್ರದಲ್ಲಿದೆ, ಕಾಲೇಜು ಬ್ಯಾಂಡುಗಳಲ್ಲಂತೂ ಇದ್ದೇ ಇದೆ. ಕಾರ್ಡ್ ಹಿಡಿದು ಹಾಡಿಗೆ ಸಾಥ್ ಕೊಡುವವರು ಬೇಕಾದಷ್ಟು ಮಂದಿ. ಸೋಲೋ ಬಂತೆಂದರೆ ಮಾತ್ರ ಹೆಚ್ಚಿನವರು ಮೈನರ್ ಪೆಂಟಾಟೋನಿಕ್ಕಿನ ಐದು ಸ್ವರಗಳಲ್ಲೇ ಸುತ್ತುತ್ತಾರೆ. ಮೋಡ್, ಅಂದರೆ ಅವೇ ಏಳು ಸ್ವರಗಳನ್ನು ಬೇರೆ ಬೇರೆ ಸ್ವರದಿಂದ ಶುರು ಮಾಡುವ ಸ್ವರಶ್ರೇಣಿ, ಕಲಿಯೋಣ ಎಂದು ಹೊರಟರೆ ಡೋರಿಯನ್, ಫ್ರಿಜಿಯನ್, ಲಿಡಿಯನ್ ಎಂದು ಏಳು ಹೆಸರು, ಬೆರಳಿಡುವ ಏಳು ಚಿತ್ರ. ಬೆರಳಿಗೆ ಎಲ್ಲ ಬರುತ್ತದೆ. ಕಿವಿಗೆ ಮಾತ್ರ ಎಲ್ಲವೂ ಸಿ ಮೇಜರ್ ಹಾಗೇ ಕೇಳುತ್ತದೆ, ಅಲ್ವಾ?

ಷಡ್ಜ, ಅಂದರೆ ಆಧಾರ ಸ್ವರವಾದ ‘ಸ’ ಯಾವುದೆಂದು ಕಿವಿಗೆ ಹೇಳಲೇ ಇಲ್ಲ, ಅದಕ್ಕೆ ಹೀಗೆ. ಸಿ ಮೇಜರ್ ಅಂದರೆ ನಮ್ಮ ಶಂಕರಾಭರಣ ರಾಗದ ಸ್ವರಗಳು. ಅವೇ ಸ್ವರಗಳಿಗೆ ಡಿ ಷಡ್ಜವಾದರೆ ಖರಹರಪ್ರಿಯ, ಅದೇ ಡೋರಿಯನ್. ಕರ್ನಾಟಕ ಸಂಗೀತದಲ್ಲಿ ಇದಕ್ಕೆ ಗ್ರಹಭೇದ ಅನ್ನುತ್ತಾರೆ. ಯಕ್ಷಗಾನದ ಭಾಗವತರ ಹಾಡಿನ ಜೊತೆ ಶ್ರುತಿ ಕೇಳುತ್ತಲೇ ಬೆಳೆದವರು ನಾವು. ಗಿಟಾರ್ ಹಿಡಿದಾಗ ಮಾತ್ರ ಶ್ರುತಿಯನ್ನೇ ಮರೆಯುತ್ತೇವೆ!

ಹಾಗಾಗಿ ಮೊದಲು ಶ್ರುತಿ ಪೆಟ್ಟಿಗೆ ಇಡಿ, ಮೊಬೈಲಿನದ್ದಾದರೂ ಸಾಕು. ಡಿ ಸ್ವರಕ್ಕೆ ಇಡಿ. ಗಿಟಾರಿನ ಕುತ್ತಿಗೆಯ ಮೇಲಿನ ಅಡ್ಡಪಟ್ಟಿಗಳೇ ಫ್ರೆಟ್; ಹತ್ತನೇ ಫ್ರೆಟ್ಟಿನಲ್ಲಿ ನಿಮಗೆ ಗೊತ್ತಿರುವ ಡಿ ಮೈನರ್ ಪೆಂಟಾಟೋನಿಕ್ ನುಡಿಸಿ. ಆ ಐದು ಸ್ವರಗಳೇ ಶುದ್ಧಧನ್ಯಾಸಿ ರಾಗದವು. ಇನ್ನು ಒಂದನೇ ಮತ್ತು ಎರಡನೇ ತಂತಿಗಳಲ್ಲಿ, ಅಂದರೆ ಅತಿ ತೆಳುವಾದ ಎರಡರಲ್ಲಿ, ಹನ್ನೆರಡನೇ ಫ್ರೆಟ್ ಸೇರಿಸಿ. ಡೋರಿಯನ್ ಬಂತು. ಈಗ ಎರಡನೇ ತಂತಿಯ ಬೆರಳನ್ನು ಮಾತ್ರ ಹನ್ನೊಂದಕ್ಕೆ ಇಳಿಸಿ. ಏಯೋಲಿಯನ್, ಅಂದರೆ ನಠಭೈರವಿ. ಒಂದನೇ ತಂತಿಯದ್ದನ್ನೂ ಹನ್ನೊಂದಕ್ಕೆ ತಂದರೆ ಫ್ರಿಜಿಯನ್, ತೋಡಿಯ ಸ್ವರಗಳು. ಕೈ ಜಾಗ ಬಿಟ್ಟು ಕದಲಿಲ್ಲ ನೋಡಿ. ಏಳು ಚಿತ್ರ ಬಾಯಿಪಾಠ ಮಾಡುವುದಕ್ಕಿಂತ ಇದು ಎಷ್ಟೋ ವಾಸಿ.

ಸ್ವರಗಳು ಒಂದೇ ಅಂದೆ, ರಾಗ ಒಂದೇ ಅನ್ನಲಿಲ್ಲ. ಫ್ರಿಜಿಯನ್ ಏರಿಳಿದರೆ ತೋಡಿ ಆಗುವುದಿಲ್ಲ. ತೋಡಿಯ ಗಾಂಧಾರ ಗಮಕದಲ್ಲೇ, ಅಂದರೆ ಸ್ವರವನ್ನು ಅಲುಗಿಸಿ ನುಡಿಸುವುದರಲ್ಲೇ ಬದುಕುತ್ತದೆ. ನಮ್ಮ ಕದ್ರಿ ಗೋಪಾಲನಾಥರು ಸ್ಯಾಕ್ಸೋಫೋನಿನಲ್ಲೇ ಗಮಕ ತಂದವರು. ಗಿಟಾರಿನಲ್ಲಿ ತಂತಿ ಎಳೆಯಬಹುದು, ಜಾರಿಸಬಹುದು. ಆದರೆ ರಾಕ್ ಹಾಡಿನ ನಡುವೆ ಸುಮ್ನೆ ತೋಡಿ ತುರುಕಬೇಡಿ.

ಜೊತೆಗೆ ಇನ್ನೊಬ್ಬರು ಕಾರ್ಡ್ ನುಡಿಸುತ್ತಿದ್ದರೆ ಅದಕ್ಕೂ ಕಿವಿ ಕೊಡಿ. ಡಿ ಮೈನರ್ ಆದ ಮೇಲೆ ಜಿ ಮೇಜರ್ ಬಂದರೆ ಅದರೊಳಗೆ ಬಿ ಸ್ವರ ಇದೆ. ಎರಡನೇ ತಂತಿಯ ಹನ್ನೆರಡನೇ ಫ್ರೆಟ್ ಅದೇ. ಧೈರ್ಯವಾಗಿ ಡೋರಿಯನ್ ನುಡಿಸಿ, ಆ ಬಿ ಮೇಲೆ ಸ್ವಲ್ಪ ನಿಲ್ಲಿ. ಜಿ ಬದಲು ಬಿ ಫ್ಲಾಟ್ ಮೇಜರ್ ಬಂದರೆ ಹನ್ನೊಂದಕ್ಕೆ ಇಳಿಯಲೇಬೇಕು, ಇಲ್ಲದಿದ್ದರೆ ಅಪಸ್ವರ.

ಏಳನೇ ಮೋಡ್ ಆದ ಲೋಕ್ರಿಯನ್ನಿನ ಗೊಡವೆ ಸದ್ಯಕ್ಕೆ ಬೇಡ. ಅದರಲ್ಲಿ ಪಂಚಮವೇ ಇಲ್ಲ, ಕರ್ನಾಟಕ ಸಂಗೀತದ 72 ಮೂಲ ರಾಗಗಳಾದ ಮೇಳಕರ್ತಗಳಲ್ಲೂ ಅದಕ್ಕೆ ಜಾಗ ಇಲ್ಲ. ಡೋರಿಯನ್ ಕೈಗೆ ಕೂತ ಮೇಲೆ ಮಿಕ್ಸೊಲಿಡಿಯನ್ ಮೋಡ್ ಹಿಡಿಯಿರಿ. ಹರಿಕಾಂಬೋಜಿಯ ಸ್ವರಗಳು, ಬ್ಲೂಸ್, ರಾಕ್ ನುಡಿಸುವವರಿಗೆ ಜಾಸ್ತಿ ಬೇಕಾಗುವುದು ಅದೇ. ನಮಸ್ಕಾರ.