ಚೀನಾದ ನದಿಗೆ ಪರರ ಷರತ್ತು

ಕೇಳುಗರಿಗೆ ನಮಸ್ಕಾರ.

1902ರಲ್ಲಿ ಶಾಂಘೈ ನಗರದಲ್ಲಿ ಚೀನಾದ ಸುಂಕ ಮತ್ತು ನದಿಗಳಲ್ಲಿ ವಿದೇಶಿ ಹಡಗು ಸಂಚಾರದ ಬಗ್ಗೆ ಒಂದು ಮಾತುಕತೆ ನಡೆಯಿತು. ಬ್ರಿಟನ್ ಕಡೆಯಿಂದ ಬಂದವರು ಜೇಮ್ಸ್ ಮೆಕೇ, ಕಲ್ಕತ್ತೆಯಲ್ಲಿ ಹಡಗು ವ್ಯಾಪಾರದಲ್ಲಿ ಪಳಗಿದವರು. ಚೀನಾ ಕಡೆಯಿಂದ ಲು ಹೈಹುವಾನ್ ಮತ್ತು ಶೆಂಗ್ ಶುವಾನ್‌ಹುವಾಯ್. ಈ ಶೆಂಗ್ ಚೀನಾದ ಸ್ವಂತ ಉಗಿಹಡಗು ಕಂಪನಿಯನ್ನು ವರ್ಷಗಟ್ಟಲೆ ನಡೆಸಿದವರು. ನದಿಯ ಬೆಲೆ ಏನು ಅಂತ ಎರಡೂ ಕಡೆಯವರಿಗೆ ಚೆನ್ನಾಗಿ ಗೊತ್ತಿತ್ತು.

ಆದರೆ ಎರಡೂ ಕಡೆಯ ಬಲ ಒಂದೇ ಆಗಿರಲಿಲ್ಲ. ಬ್ರಿಟನ್ ಜೊತೆಗಿನ ಅಫೀಮು ಯುದ್ಧದಲ್ಲಿ ಸೋತು 1842ರಲ್ಲಿ ಐದು ಬಂದರುಗಳನ್ನು ವಿದೇಶಿ ವ್ಯಾಪಾರಕ್ಕೆ ತೆರೆದ ಮೇಲೆ, ಚೀನಾದ ಆಮದು ಸುಂಕ ಹೆಚ್ಚುಕಡಿಮೆ ಶೇಕಡಾ 5ರಲ್ಲೇ ನಿಂತುಬಿಟ್ಟಿತ್ತು. ಏರಿಸಬೇಕು ಅಂದರೆ ವಿದೇಶಿಯರು ಒಪ್ಪಬೇಕು. ಕಡಲ ಸುಂಕದ ಇಲಾಖೆಯ ಮುಖ್ಯಸ್ಥರೂ ಐರ್ಲೆಂಡಿನಿಂದ ಬಂದ ರಾಬರ್ಟ್ ಹಾರ್ಟ್.

ಒಳನಾಡಿನಲ್ಲಿ ಮಾತ್ರ ಲಿಕಿನ್ ಎಂಬ ಸುಂಕ ಚೀನಾದ ಕೈಯಲ್ಲೇ ಇತ್ತು. ತೈಪಿಂಗ್ ಎಂಬ ದೊಡ್ಡ ಆಂತರಿಕ ದಂಗೆಯನ್ನು ಅಡಗಿಸುವ ಖರ್ಚಿಗೆಂದು 1853ರಲ್ಲಿ ಶುರುವಾದದ್ದು. ನದಿ, ಕಾಲುವೆಗಳ ಉದ್ದಕ್ಕೂ ಸುಂಕದ ಕಟ್ಟೆಗಳು. ದೋಣಿ ನಿಲ್ಲಿಸು, ದುಡ್ಡು ಕೊಡು, ಮುಂದಿನ ಕಟ್ಟೆಯಲ್ಲಿ ಮತ್ತೆ ಕೊಡು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲ ಉಂಟೇ? ವಿದೇಶಿ ಸರಕಿಗೆ ಈ ಕಾಟ ಇರಬಾರದು ಎಂದು 1858ರ ತಿಯಾನ್‌ಜಿನ್ ಒಪ್ಪಂದ ಹೇಳಿತು. ಒಂದೇ ಸಲ ಶೇಕಡಾ 2.5 ಕಟ್ಟಿ ರಹದಾರಿ ಪಡೆದರೆ ಸಾಕು. ಆಗ ಚೀನೀ ವ್ಯಾಪಾರಿಗಳೇ ತಮ್ಮ ಸರಕನ್ನು ವಿದೇಶಿಯರ ಹೆಸರಿನಲ್ಲಿ ಸಾಗಿಸತೊಡಗಿದರು. ಸ್ವಂತ ನೆಲದಲ್ಲಿ ಸ್ವಂತ ಹೆಸರು ಹೇಳಿದರೆ ಜಾಸ್ತಿ ಸುಂಕ! ಈ ಇಡೀ ಚರಿತ್ರೆಯಲ್ಲಿ ನನ್ನನ್ನು ಹೆಚ್ಚು ನೋಯಿಸುವುದು ಇದೇ.

ಶಾಂಘೈ ಒಪ್ಪಂದಕ್ಕೆ 1902ರ ಸೆಪ್ಟೆಂಬರಿನಲ್ಲಿ ಸಹಿ ಬಿತ್ತು. ಚೀನಾ ಲಿಕಿನ್ ಬಿಡಬೇಕು, ಬದಲಿಗೆ ಆಮದು ಸುಂಕವನ್ನು ಶೇಕಡಾ 12.5ರವರೆಗೆ ಏರಿಸಬಹುದು. ಕೇಳಲು ನ್ಯಾಯವಾಗಿಯೇ ಇದೆ, ಅಲ್ವಾ? ಆದರೆ ಉಳಿದ ರಾಷ್ಟ್ರಗಳೂ ಒಪ್ಪಬೇಕೆಂಬ ಷರತ್ತಿತ್ತು. ಆ ಒಪ್ಪಿಗೆ ಕೂಡಿಬರಲೇ ಇಲ್ಲ.

ಹಡಗಿನ ವಿಷಯಕ್ಕೆ ಈ ಷರತ್ತು ಇರಲಿಲ್ಲ. 1895ರಲ್ಲೇ ಜಪಾನ್ ಯಾಂಗ್ಟ್ಸೆ ನದಿಯಲ್ಲಿ ಚೋಂಗ್‌ಚಿಂಗ್‌ವರೆಗೆ ಹೋಗುವ ಹಕ್ಕು ಪಡೆದಿತ್ತು. 1898ರಲ್ಲಿ ಒಳನಾಡಿನ ಜಲಮಾರ್ಗಗಳು ವಿದೇಶಿ ಉಗಿಹಡಗುಗಳಿಗೆ ತೆರೆದವು. 1902ರ ಒಪ್ಪಂದದಿಂದ ದಡದಲ್ಲಿ ಉಗ್ರಾಣ, ಹಡಗುಕಟ್ಟೆಗಳನ್ನು 25 ವರ್ಷದವರೆಗೆ ಗುತ್ತಿಗೆಗೆ ಪಡೆಯುವ ಅವಕಾಶವೂ ಬ್ರಿಟಿಷ್ ಹಡಗು ಮಾಲೀಕರಿಗೆ ಸಿಕ್ಕಿತು. ಚೀನಾಕ್ಕೆ ಸಿಗಬೇಕಾದದ್ದು ಕಾಗದದಲ್ಲೇ ಉಳಿಯಿತು.

ಸುಂಕ ನಿಗದಿ ಮಾಡುವ ಹಕ್ಕು 1928ರಿಂದ 1930ರ ನಡುವೆ ಚೀನಾಕ್ಕೆ ಮರಳಿತು. 1931ರಲ್ಲಿ ಲಿಕಿನ್ ರದ್ದಾಯಿತು. ಬ್ರಿಟನ್ ಮತ್ತು ಅಮೆರಿಕ ಒಳನಾಡಿನ ಹಡಗು ಹಕ್ಕನ್ನು ಬಿಟ್ಟುಕೊಟ್ಟದ್ದು 1943ರಲ್ಲಿ, ಜಪಾನ್ ವಿರುದ್ಧದ ಯುದ್ಧದಲ್ಲಿ ಚೀನಾ ಅವರಿಗೆ ಜೊತೆಗಾರನಾಗಿ ಬೇಕಾದಾಗ.