ಗಿಡ್ಡ ನಳಿಕೆ, ದೊಡ್ಡ ಮೈ: ಒಬ್ಬ ಆರ್ಮರರ್ ಕಣ್ಣಲ್ಲಿ ರಿವಾಲ್ವರ್

ಎಲ್ಲರಿಗೂ ನಮಸ್ಕಾರ.

ಇಲ್ಲಿಗೆ ಬರುವ ಮುಂಚೆ ಶೇರ್ಜಾ ಬುರುಜಿಗೆ ಹೋಗಿ ಬಂದೆ. ಮಲಿಕ್-ಎ-ಮೈದಾನ್ ತೋಪನ್ನು ಎಷ್ಟನೇ ಸಲ ನೋಡಿದೆನೋ ಗೊತ್ತಿಲ್ಲ. ವಿಜಯಪುರದಲ್ಲಿ ಹುಟ್ಟಿದವರಿಗೆ ಅದು ಅಜ್ಜನ ಮನೆಯ ಕಣಜ ಇದ್ದ ಹಾಗೆ. ಇದೆ ಅಂತ ಗೊತ್ತಿರುತ್ತದೆ, ನಿಂತು ನೋಡುವುದಿಲ್ಲ. ಇವತ್ತು ನಿಂತು ನೋಡಿದೆ. 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದ ತೋಪು. ತೂಕ ಸುಮಾರು 55 ಟನ್. ಉದ್ದ ಬರೀ 14 ಅಡಿ ಚಿಲ್ಲರೆ, ಆದರೆ ಬಾಯಿಯ ಅಗಲವೇ 2 ಅಡಿ ದಾಟುತ್ತದೆ. ಅಂದರೆ ಬಾಯಿಯ ಆರು ಪಟ್ಟಷ್ಟೇ ಉದ್ದ. ಗಿಡ್ಡ, ಡುಮ್ಮ.

ಅಲ್ಲಿಂದ ಸ್ವಲ್ಪ ದೂರದಲ್ಲೇ ಉಪ್ಪಲಿ ಬುರುಜ. ಅದರ ಮೇಲಿನ ದೊಡ್ಡ ತೋಪು ಸುಮಾರು 30 ಅಡಿ ಉದ್ದ, ಬಾಯಿ ಒಂದು ಅಡಿ. ಅದು ತೆಳ್ಳಗೆ, ನೀಟಾಗಿ ಚಾಚಿಕೊಂಡಿದೆ. ಊರಿಗೆ ಬಂದ ನೆಂಟರಿಗೆ ಎರಡನ್ನೂ ತೋರಿಸಿ ನೋಡಿ. ಉದ್ದದ್ದನ್ನು ನೋಡಿ "ಹೌದಾ" ಅನ್ನುತ್ತಾರೆ. ಡುಮ್ಮನ ಹತ್ತಿರ ಹೋದರೆ ಮೈ ಸವರುತ್ತಾರೆ, ಸಿಂಹದ ಬಾಯೊಳಗೆ ಕೈ ಹಾಕುತ್ತಾರೆ, ಫೋಟೋ ತೆಗೆಸಿಕೊಳ್ಳುತ್ತಾರೆ. ಯಾಕೆ ಹೀಗೆ? ನನ್ನ ಇವತ್ತಿನ ಮಾತು ಅದೇ. ತೋಪಿನ ಬದಲು ಕೈಯಲ್ಲಿ ಹಿಡಿಯುವ ರಿವಾಲ್ವರ್ ಇಟ್ಟುಕೊಂಡು ಮಾತಾಡುತ್ತೇನೆ, ಅಷ್ಟೇ.

ನಾನು ಪೊಲೀಸ್ ಆರ್ಮರಿಯಲ್ಲಿ, ಅಂದರೆ ಆಯುಧ ಕೋಣೆಯಲ್ಲಿ, 30 ವರ್ಷ ಎಣ್ಣೆ ಬಟ್ಟೆ ಹಿಡಿದವನು. ಬಂದೂಕು ಹಾರಿಸಿದ್ದಕ್ಕಿಂತ ಒರೆಸಿದ್ದೇ ಜಾಸ್ತಿ. ಇವತ್ತು ಹೇಳುವ ಅಮೆರಿಕದ ದೊಡ್ಡ ರಿವಾಲ್ವರ್‌ಗಳಲ್ಲಿ ನನ್ನ ಕೈಗೆ ಬಂದದ್ದು ಎರಡೋ ಮೂರೋ. ಉಳಿದದ್ದು ಓದಿದ್ದು. ಮೊದಲೇ ಹೇಳಿಬಿಟ್ಟೆ, ಆಮೇಲೆ ಜಗಳ ಬೇಡ.

ರಿವಾಲ್ವರ್‌ಗೆ ಒಂದು ಮೈ ಇರುತ್ತದೆ, ಅದನ್ನೇ ಫ್ರೇಮ್ ಅನ್ನುವುದು. ಗುಂಡು ತುಂಬುವ ಸಿಲಿಂಡರ್ ಅದರ ಹೊಟ್ಟೆಯಲ್ಲಿ ಕೂತಿರುತ್ತದೆ. ಮುಂದೆ ನಳಿಕೆ, ಅಂದರೆ ಬ್ಯಾರಲ್. ಸ್ಮಿತ್ ಅಂಡ್ ವೆಸ್ಸನ್ ಕಂಪನಿಯವರು ಮೈಯ ಅಳತೆಗೆ ಇಂಗ್ಲಿಷ್ ಅಕ್ಷರಗಳನ್ನು ಇಟ್ಟಿದ್ದಾರೆ. ಜೆ ಚಿಕ್ಕದು, ಕೆ ನಡುವಿನದು, ಎನ್ ದೊಡ್ಡದು. ಎನ್ ಮೈ ಶುರುವಾದದ್ದು 1908ರಲ್ಲಿ. ಜೆ ಸಿಲಿಂಡರ್‌ನ ಅಡ್ಡಳತೆ 33 ಮಿಲಿಮೀಟರ್ ಹತ್ತಿರ, ಎನ್‌ನದು 43 ಮಿಲಿಮೀಟರ್. ಒಂದು ಸೆಂಟಿಮೀಟರ್ ತಾನೇ ಅನಿಸುತ್ತದೆ, ಅಲ್ವಾ? ಸೊಂಟಕ್ಕೆ ಕಟ್ಟಿಕೊಂಡು ಜೀಪಿನಲ್ಲಿ ಸಿಂದಗಿಗೆ ಹೋಗಿ ಬಂದವರನ್ನು ಕೇಳಿ, ಆ ಒಂದು ಸೆಂಟಿಮೀಟರ್ ಎಲ್ಲಿ ಚುಚ್ಚುತ್ತದೆ ಅಂತ ಹೇಳುತ್ತಾರೆ.

ಎಡವಟ್ಟು ಇರುವುದೇ ಇಲ್ಲಿ. ನಳಿಕೆ ಗಿಡ್ಡ ಮಾಡುವುದು ಬಟ್ಟೆಯೊಳಗೆ ಅಡಗಲಿ ಅಂತ. ಆದರೆ ಉಬ್ಬಿ ಕಾಣುವುದು ನಳಿಕೆಯಲ್ಲ, ಸಿಲಿಂಡರ್ ಮತ್ತು ಹಿಡಿ. ದೊಡ್ಡ ಮೈಯ ರಿವಾಲ್ವರ್‌ನ ನಳಿಕೆಯನ್ನು 6 ಇಂಚಿನಿಂದ 3 ಇಂಚಿಗೆ ಇಳಿಸಿದರೂ ಉಬ್ಬು ಹಾಗೇ ಇರುತ್ತದೆ. ಗಂಡನ ಜುಬ್ಬಾ ಗಿಡ್ಡ ಮಾಡಿದರೆ ಹೊಟ್ಟೆ ಕರಗುತ್ತದೆಯೇ? ಅಡಗಿಸುವುದೇ ಉದ್ದೇಶವಾದರೆ ಈ ಜಾತಿಯ ರಿವಾಲ್ವರ್ ದಂಡ.

ಆದರೂ ಜನ ಇದನ್ನು ಮೆಚ್ಚುತ್ತಾರೆ. ಮೆಚ್ಚುವುದಕ್ಕೆ ಕಾರಣ ಬೇರೆ, ಅದು ಕೈಯಲ್ಲಿ ಹಿಡಿದಾಗ ಮಾತ್ರ ತಿಳಿಯುತ್ತದೆ. ಕೊಡಲಿ ನೆನಪಿಸಿಕೊಳ್ಳಿ. ಉದ್ದ ಕಾವಿನ ಕೊಡಲಿಯಿಂದ ಮರ ಕಡಿಯಬಹುದು. ಅದೇ ತಲೆಗೆ ಗಿಡ್ಡ ಕಾವು ಹಾಕಿ ಹಿಡಿದರೆ ಭಾರ ಮುಷ್ಟಿಯ ಹತ್ತಿರಕ್ಕೆ ಬರುತ್ತದೆ, ಬೇಕಾದ ಕಡೆ ಸಲೀಸಾಗಿ ತಿರುಗುತ್ತದೆ. ಗಿಡ್ಡ ನಳಿಕೆಯ ದೊಡ್ಡ ರಿವಾಲ್ವರ್ ಸಹ ಹಾಗೇ. ಮೂಗು ಮುಂದಕ್ಕೆ ಬಾಗುವುದಿಲ್ಲ. ಭಾರವೆಲ್ಲ ಅಂಗೈ ಮೇಲೆ ಕೂರುತ್ತದೆ.

ಇನ್ನು ಒದೆ, ಅಂದರೆ ಗುಂಡು ಹಾರಿದಾಗ ರಿವಾಲ್ವರ್ ಕೈಯನ್ನು ಹಿಂದಕ್ಕೆ ತಳ್ಳುವುದು. ಇದಕ್ಕೆ ಹೈಸ್ಕೂಲ್ ಲೆಕ್ಕ ಸಾಕು. ಗುಂಡಿನ ತೂಕ 10 ಗ್ರಾಂ, ವೇಗ ಸೆಕೆಂಡಿಗೆ 350 ಮೀಟರ್ ಅಂತಿಟ್ಟುಕೊಳ್ಳಿ. ರಿವಾಲ್ವರ್ 1.2 ಕಿಲೋ ಇದ್ದರೆ ಅದು ಸೆಕೆಂಡಿಗೆ ಸುಮಾರು 3 ಮೀಟರ್ ವೇಗದಲ್ಲಿ ಹಿಂದಕ್ಕೆ ಬರುತ್ತದೆ. ಅದೇ ಗುಂಡನ್ನು ಅರ್ಧ ಕಿಲೋ ರಿವಾಲ್ವರ್‌ನಿಂದ ಹಾರಿಸಿದರೆ 7 ಮೀಟರ್. ಮದ್ದಿನ ಹೊಗೆಯ ಒತ್ತಡ ಸೇರಿಸಿದರೆ ಎರಡೂ ಇನ್ನಷ್ಟು ಏರುತ್ತವೆ. ಹಗುರ ಎಂದು ಖುಷಿಪಟ್ಟು ಕೊಂಡವನು ಆರನೇ ಗುಂಡಿಗೆ ಕಣ್ಣು ಮುಚ್ಚಿಕೊಂಡು ಟ್ರಿಗರ್ ಎಳೆಯುತ್ತಾನೆ. ಗುರಿ ಅಭ್ಯಾಸದ ರೇಂಜ್‌ನಲ್ಲಿ ಎಷ್ಟೋ ಸಲ ನೋಡಿದ್ದೇನೆ. ದೊಡ್ಡ ಮೈಯ ಉಕ್ಕು ಈ ಒದೆಯನ್ನು ನುಂಗುತ್ತದೆ.

ಈಗ ಸ್ವಲ್ಪ ಹಿಂದಿನ ಕಥೆ. ಗಿಡ್ಡ ನಳಿಕೆಗೆ ದಪ್ಪ ಗುಂಡು ಅನ್ನುವ ಯೋಚನೆ ಹಳೆಯದು. ಇಂಗ್ಲೆಂಡಿನ ವೆಬ್ಲಿಯವರು 1872ರಲ್ಲಿ ಬ್ರಿಟಿಷ್ ಬುಲ್‌ಡಾಗ್ ಅನ್ನುವ ರಿವಾಲ್ವರ್ ತಂದರು. ನಳಿಕೆ ಎರಡೂವರೆ ಇಂಚು, ಐದೇ ಗುಂಡು. ಅದರದ್ದು ದೊಡ್ಡ ಮೈಯಲ್ಲ, ದೊಡ್ಡ ಬಾಯಿ. ಬೆಲ್ಜಿಯಂನವರು ಅದನ್ನು ಸಾಲು ಸಾಲಾಗಿ ನಕಲು ಮಾಡಿದರು. ಅಮೆರಿಕದ ಅಧ್ಯಕ್ಷ ಜೇಮ್ಸ್ ಗಾರ್ಫೀಲ್ಡ್ ಅವರಿಗೆ 1881ರ ಜುಲೈ 2ರಂದು ವಾಷಿಂಗ್ಟನ್ ರೈಲು ನಿಲ್ದಾಣದಲ್ಲಿ ಬಿದ್ದದ್ದು ಇಂಥದ್ದೇ ಬುಲ್‌ಡಾಗ್‌ನ ಗುಂಡು. ಅವರು ತೀರಿಕೊಂಡದ್ದು ಸೆಪ್ಟೆಂಬರ್‌ನಲ್ಲಿ. ನಡುವೆ ವೈದ್ಯರು ಕೈ ತೊಳೆಯದೆ ಗಾಯದೊಳಗೆ ಬೆರಳು ಹಾಕಿ ಗುಂಡು ಹುಡುಕಿದ್ದರು. ಗುಂಡಿಗಿಂತ ಬೆರಳೇ ಹೆಚ್ಚು ಕೆಟ್ಟದ್ದು ಮಾಡಿತು ಅನ್ನುವವರಿದ್ದಾರೆ.

ಆಮೇಲೆ ಫಿಟ್ಜ್. ಪೂರ್ತಿ ಹೆಸರು ಜಾನ್ ಹೆನ್ರಿ ಫಿಟ್ಜ್‌ಜೆರಾಲ್ಡ್, ಕೋಲ್ಟ್ ಕಂಪನಿಯ ನೌಕರ. ಕೋಲ್ಟ್ ನ್ಯೂ ಸರ್ವಿಸ್ ಅಂದರೆ ಆ ಕಾಲದ ದೊಡ್ಡ ಮೈಯ ರಿವಾಲ್ವರ್. ಈತ ಅದರ ನಳಿಕೆಯನ್ನು 2 ಇಂಚಿಗೆ ಇಳಿಸಿದ. ಗುಂಡಿನ ಹಿಂಬದಿಗೆ ಬಡಿಯುವ ಹ್ಯಾಮರ್‌ನ ಕೊಕ್ಕೆ ತೆಗೆದ. ಬೆರಳು ಬೇಗ ಹೋಗಲಿ ಅಂತ ಟ್ರಿಗರ್ ಸುತ್ತಲಿನ ಕಾವಲು ಬಳೆಯ ಮುಂಭಾಗವನ್ನೇ ಕತ್ತರಿಸಿದ. ಅಂಥವು ಎರಡನ್ನು ಪ್ಯಾಂಟಿನ ಮುಂದಿನ ಜೇಬುಗಳಲ್ಲಿ ಇಟ್ಟುಕೊಂಡು ಓಡಾಡುತ್ತಿದ್ದನಂತೆ. ಸಂಗ್ರಹಕಾರರು ಇವತ್ತಿಗೂ ಫಿಟ್ಜ್ ಸ್ಪೆಷಲ್ ಅಂದರೆ ಬಾಯಿ ಬಿಡುತ್ತಾರೆ. ನನಗಂತೂ ಮೈ ಜುಮ್ ಅನ್ನುತ್ತದೆ. ಕಾವಲು ಬಳೆ ಇಲ್ಲದ ಟ್ರಿಗರ್ ಜೇಬಿನಲ್ಲಿ! ಅವನ ಬೆರಳು ಪಳಗಿತ್ತು. ಬೇರೆಯವರ ಬೆರಳು ಪಳಗಿರುವುದಿಲ್ಲ.

ನಾನು ಮೆಚ್ಚಿದ್ದು ಬೇರೆ. 1935ರಲ್ಲಿ ಸ್ಮಿತ್ ಅಂಡ್ ವೆಸ್ಸನ್‌ನವರು .357 ಮ್ಯಾಗ್ನಮ್ ಗುಂಡು (ಅಂಕಿ ಅಂದರೆ ಗುಂಡಿನ ದಪ್ಪ, ಹೆಚ್ಚುಕಡಿಮೆ ಇಂಚಿನ ಲೆಕ್ಕದಲ್ಲಿ) ತಂದರು. ಅದಕ್ಕೆಂದು ಎನ್ ಮೈಯ ಮೇಲೆ ಒಂದೊಂದೇ ರಿವಾಲ್ವರ್ ಹೇಳಿದ ಹಾಗೆ ಮಾಡಿ, ಕೊಂಡವರ ಹೆಸರಿಗೆ ನೋಂದಣಿ ಪತ್ರ ಕೊಡುತ್ತಿದ್ದರು. ರಿಜಿಸ್ಟರ್ಡ್ ಮ್ಯಾಗ್ನಮ್ ಅಂತಲೇ ಹೆಸರಾಯಿತು. ಮೊದಲನೆಯದು ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐನ ಮುಖ್ಯಸ್ಥ ಹೂವರ್ ಅವರಿಗೆ ಹೋಯಿತು, ಅದು ಉದ್ದ ನಳಿಕೆಯದು. ಅಮೆರಿಕದ ಸೇನಾಧಿಕಾರಿ ಪ್ಯಾಟನ್ ಅದೇ ವರ್ಷ ಹವಾಯಿಯಲ್ಲಿ ಕೊಂಡದ್ದಕ್ಕೆ ಮೂರೂವರೆ ಇಂಚಿನ ನಳಿಕೆ, ದಂತದ ಹಿಡಿ. ಜನ ಅದನ್ನು ಮುತ್ತಿನ ಚಿಪ್ಪು ಅಂದರೆ ಅವರಿಗೆ ಸಿಟ್ಟು ಬರುತ್ತಿತ್ತಂತೆ. ಈ ರಿವಾಲ್ವರ್‌ಗೆ 1957ರಲ್ಲಿ ಮಾಡೆಲ್ 27 ಅಂತ ನಂಬರ್ ಬಿತ್ತು. ಮೂರೂವರೆ ಇಂಚಿನ 27 ಅಂದರೆ ರಿವಾಲ್ವರ್ ಪ್ರಿಯರಲ್ಲಿ ಇವತ್ತಿಗೂ ಮೊದಲ ಮಾತು. ಮೈಯ ಮೇಲಿನ ಪಟ್ಟಿಗೆ ಕಣ್ಣಿಗೆ ಬೆಳಕು ಹೊಡೆಯದ ಹಾಗೆ ಸಣ್ಣ ಸಣ್ಣ ಚೌಕುಳಿ ಗೀರು. ಒರೆಸುವವನಿಗೆ ಆ ಗೀರಿನಲ್ಲಿ ಧೂಳು ಕೂತರೆ ಸಾಕು, ಅರ್ಧ ದಿನ ಹೋಗುತ್ತದೆ. ಆದರೂ ಒರೆಸಬೇಕು ಅನಿಸುವಂಥ ಕೆಲಸ.

ನನ್ನ ಕೇಳಿದರೆ .357ಕ್ಕಿಂತ ಗಿಡ್ಡ ನಳಿಕೆಗೆ ಹೊಂದುವುದು ಹಳೆಯ, ನಿಧಾನದ, ದಪ್ಪ ಗುಂಡುಗಳು. ಮ್ಯಾಗ್ನಮ್ ಗುಂಡಿನಲ್ಲಿ ಮದ್ದು ಜಾಸ್ತಿ. ಅದು ಪೂರ್ತಿ ಉರಿಯಲು ಉದ್ದ ನಳಿಕೆ ಬೇಕು. ನಳಿಕೆ ಗಿಡ್ಡವಾದರೆ ಮಿಕ್ಕದ್ದು ಹೊರಗೆ ಉರಿಯುತ್ತದೆ. ಬೆಂಕಿಯ ಉಂಡೆ, ಕಿವಿ ಒಡೆಯುವ ಸದ್ದು, ವೇಗ ಮಾತ್ರ ಕಡಿಮೆ. ಒಲೆಯೊಳಗೆ ಹಿಡಿಸದ ಕಟ್ಟಿಗೆ ತುರುಕಿದ ಹಾಗೆ. .44 ಸ್ಪೆಷಲ್, .45 ಇವು ಹಾಗಲ್ಲ. ಭಾರದ ಗುಂಡು, ನಿಧಾನದ ಓಟ. ನಳಿಕೆ ಗಿಡ್ಡವಾದರೂ ಕಳೆದುಕೊಳ್ಳುವುದು ಅಷ್ಟಿಲ್ಲ. 1980ರ ದಶಕದಲ್ಲಿ ಲ್ಯೂ ಹಾರ್ಟನ್ ಎಂಬ ವಿತರಕರು 3 ಇಂಚಿನ ನಳಿಕೆ, ದುಂಡು ಹಿಡಿ ಇರುವ .44 ಸ್ಪೆಷಲ್‌ಗಳನ್ನು ಹೇಳಿ ಮಾಡಿಸಿದರು. ಬಲ್ಲವರು ಅದನ್ನು ಇಟ್ಟುಕೊಂಡವರು ಕೊಡುವುದಿಲ್ಲ ಅನ್ನುತ್ತಾರೆ. ಇನ್ನು .45ರ ಕಥೆ ತಮಾಷೆಯದು. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೇನೆಗೆ ಪಿಸ್ತೂಲ್ ಸಾಲದೆ, ಪಿಸ್ತೂಲಿನ ಗುಂಡನ್ನೇ ರಿವಾಲ್ವರ್‌ಗೆ ಹಾಕಬೇಕಾಯಿತು. ಆ ಗುಂಡಿಗೆ ಹಿಂದೆ ಅಂಚು ಇಲ್ಲ, ಖಾಲಿ ತೋಟಾವನ್ನು ಹೊರಗೆ ತಳ್ಳಲು ಹಿಡಿತ ಸಿಗುವುದಿಲ್ಲ. ಅದಕ್ಕೆ ಮೂರು ಗುಂಡು ಕಚ್ಚುವ ಅರ್ಧಚಂದ್ರದ ತಗಡು ಮಾಡಿದರು. ಎರಡು ತಗಡು, ಆರು ಗುಂಡು. ಆಮೇಲೆ ಪೂರ್ಣಚಂದ್ರವೂ ಬಂತು. ಬಹಳ ಬೇಗ ತುಂಬಬಹುದು. ಆದರೆ ತಗಡು ಒಂಚೂರು ಬಾಗಿದರೂ ಸಿಲಿಂಡರ್ ತಿರುಗುವುದಿಲ್ಲ.

ಈಚಿನವುಗಳನ್ನು ಬೇಗ ಮುಗಿಸುತ್ತೇನೆ. 2003ರಲ್ಲಿ ಎನ್‌ಗಿಂತ ದೊಡ್ಡ ಎಕ್ಸ್ ಮೈ ಬಂತು, .500 ಮ್ಯಾಗ್ನಮ್ ಗುಂಡಿಗೆ. ಅದಕ್ಕೂ ಗಿಡ್ಡ ನಳಿಕೆ ಹಾಕಿ ಮಾರಿದರು. 2005ರಲ್ಲಿ ರೂಗರ್ ಕಂಪನಿಯ ಅಲಾಸ್ಕನ್, ಎರಡೂವರೆ ಇಂಚಿನ ನಳಿಕೆಗೆ .454 ಕಸುಲ್ ಗುಂಡು. ಕರಡಿ ಓಡಾಡುವ ಕಾಡಿನಲ್ಲಿ ಮೀನು ಹಿಡಿಯುವವರಿಗೆ ಅಂತ. ಲೆಕ್ಕ ಹಾಕಿದೆ, ಅದರ ನಳಿಕೆಯೂ ಬಾಯಿಯ ಐದೂವರೆ ಪಟ್ಟಷ್ಟೇ. ನಮ್ಮ ಮಲಿಕ್-ಎ-ಮೈದಾನ್‌ನ ಅಣ್ಣತಮ್ಮ! ಕರಡಿ ಮೈಮೇಲೆ ಬಂದಾಗ ಒಳ್ಳೆಯದಿರಬಹುದು. ಸುಮ್ನೆ ಗುರಿ ಅಭ್ಯಾಸಕ್ಕೆ ಹಿಡಿದವನು ಮರುದಿನ ರೊಟ್ಟಿ ಮುರಿಯಲು ಎಡಗೈ ಬಳಸಬೇಕಾದೀತು.

ಆ ತೋಪಿನ ಬಗ್ಗೆ ನಮ್ಮ ಗೈಡ್‌ಗಳು ಹೇಳುವ ಕಥೆ ನಿಮಗೆ ಗೊತ್ತಲ್ವಾ? ಬತ್ತಿ ಹಚ್ಚಿದವನು ಕಿವುಡಾಗದ ಹಾಗೆ ಪಕ್ಕದ ನೀರಿನ ತೊಟ್ಟಿಯಲ್ಲಿ ಮುಳುಗುತ್ತಿದ್ದನಂತೆ. ನಿಜವೋ ಸುಳ್ಳೋ, ಆ ಮನುಷ್ಯನಿಗೆ ಕಿವಿಯ ಬೆಲೆ ಗೊತ್ತಿತ್ತು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ರೇಂಜ್‌ನಲ್ಲಿ ನಮಗೆ ಕೊಡುತ್ತಿದ್ದದ್ದು ಹತ್ತಿ. ಕೆಲವೊಮ್ಮೆ ಅದೂ ಇಲ್ಲ. ಗಿಡ್ಡ ನಳಿಕೆಯಲ್ಲಿ ಬಾಯಿ ಕಿವಿಗೆ ಇನ್ನೂ ಹತ್ತಿರ. ನನ್ನ ಎಡಗಿವಿ ಹೋದದ್ದು ಹಾಗೆ, ನಿಧಾನಕ್ಕೆ, ನೋವೇ ಇಲ್ಲದೆ.

ಇಷ್ಟೆಲ್ಲ ಕೇಳಿ ಯಾರಾದರೂ ಹುಡುಗರು "ಸಾರ್, ನಮ್ಮಲ್ಲಿ ಸಿಗುತ್ತಾ?" ಅಂತ ಕೇಳಬಹುದು. ನಮ್ಮಲ್ಲಿ .38, .45, .455 ಇವು ನಿಷೇಧಿತ ಬೋರ್, ಅಂದರೆ ಆ ಅಳತೆಯ ನಳಿಕೆ ಸಾಮಾನ್ಯರಿಗೆ ಇಲ್ಲ. ಲೈಸೆನ್ಸ್ ಮೇಲೆ ಸಾಮಾನ್ಯವಾಗಿ ಕಾಣುವುದು .32. ಕಾನ್ಪುರದ ಕಾರ್ಖಾನೆಯಿಂದ 2014ರಲ್ಲಿ ಬಂದ ನಿರ್ಭೀಕ್ ಅರ್ಧ ಕಿಲೋ ತೂಗುತ್ತದೆ. 2023ರಲ್ಲಿ ಬಂದ ಪ್ರಬಲ್‌ಗೆ 76 ಮಿಲಿಮೀಟರ್ ನಳಿಕೆ, ಸಿಲಿಂಡರ್ ಪಕ್ಕಕ್ಕೆ ತೆರೆಯುತ್ತದೆ. ನಳಿಕೆ ಗಿಡ್ಡ ಸರಿ, ಆದರೆ ಮೈ ಸಣ್ಣದು. ಮತ್ತೆ ಇನ್ನೊಂದು. 1959ರ ಆಯುಧ ಕಾಯ್ದೆಯ 6ನೇ ಕಲಮಿನ ಪ್ರಕಾರ ಲೈಸೆನ್ಸ್ ಇಲ್ಲದೆ ಬಂದೂಕಿನ ನಳಿಕೆ ಕತ್ತರಿಸುವುದೇ ಅಪರಾಧ. ಫಿಟ್ಜ್ ನಮ್ಮೂರಲ್ಲಿ ಇದ್ದಿದ್ದರೆ ನಾನೇ ಅವನ ಮಾಲನ್ನು ಜಪ್ತಿ ಪಟ್ಟಿಗೆ ಬರೆಯಬೇಕಾಗುತ್ತಿತ್ತು. ಆಯುಧಕ್ಕೆ ಸರ್ಕಾರದ ಚೀಟಿ ಬೇಕು ಅನ್ನುವ ಮಾತಿಗೆ ನಮ್ಮ ಸೀಮೆಯಲ್ಲಿ ರಕ್ತದ ಕಥೆಯೂ ಇದೆ. 1857ರಲ್ಲಿ ಆಯುಧ ಒಪ್ಪಿಸಿ ಅಂದಾಗ ಮುಧೋಳ ಹತ್ತಿರದ ಹಲಗಲಿಯ ಬೇಡರು ಒಪ್ಪಲಿಲ್ಲ. ಕುಂಪಣಿ ದಂಡು ಊರನ್ನೇ ಸುಟ್ಟಿತು. ಲಾವಣಿಯಲ್ಲಿ ಕೇಳಿಯೇ ಇರುತ್ತೀರಿ.

ಈಗ ಒಪ್ಪಿಸುವುದು ಜಗಳವಿಲ್ಲದೆ ನಡೆಯುತ್ತದೆ. ಚುನಾವಣೆ ಬಂತೆಂದರೆ ಸಾಮಾನ್ಯವಾಗಿ ಲೈಸೆನ್ಸ್ ಇದ್ದವರು ಬಂದೂಕು ತಂದು ಠಾಣೆಗೆ ಕೊಡಬೇಕು. ನನಗೆ ಅದು ಜಾತ್ರೆ. ಒಂದು ಸಲ ಒಬ್ಬ ಮುದುಕ ಗೌಡರು ಧೋತರದ ತುಂಡಿನಲ್ಲಿ ಸುತ್ತಿದ ಗಂಟು ತಂದರು. ಬಿಚ್ಚಿದರೆ ಹಳೆಯ ಬುಲ್‌ಡಾಗ್. ಸಿಲಿಂಡರ್ ಮೇಲೆ ಮೊಟ್ಟೆಯಾಕಾರದ ಸಣ್ಣ ಮುದ್ರೆ, ಒಳಗೆ ಇ-ಎಲ್-ಜಿ ಅಂತ ಮೂರು ಅಕ್ಷರ. ಬೆಲ್ಜಿಯಂನ ಲೀಜ್ ಊರಿನ ಪರೀಕ್ಷೆ ಮುದ್ರೆ ಅದು. ಇದಕ್ಕೆ ಗುಂಡು ಎಲ್ಲಿ ಸಿಗುತ್ತದೆ ಗೌಡರೇ ಅಂದೆ.

"ಗುಂಡು ಎಲ್ಲೀದ್ರಿ, ನಮ್ಮಪ್ಪನ ಕಾಲಕ್ಕ ತೀರ್‍ಯಾವು. ದಸರಾಕ್ಕ ಪೂಜಾ ಮಾಡ್ತೀವಿ, ಇಡ್ತೀವಿ."

"ಮತ್ತ ಯಾಕ ಇಟಗೊಂಡೀರಿ, ಸರ್ಕಾರಕ್ಕ ಕೊಟ್ಟುಬಿಡ್ರಿ."

ಅವರು ಉತ್ತರ ಕೊಡಲಿಲ್ಲ. ಅದನ್ನು ಎತ್ತಿ ನನ್ನ ಅಂಗೈ ಮೇಲೆ ಇಟ್ಟರು. ನಾನು ರಸೀದಿ ಬರೆಯುವುದು ಬಿಟ್ಟು ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡೆ. ಫಲಿತಾಂಶ ಬಂದ ಮೇಲೆ ಅವರು ಒಯ್ಯಲು ಬಂದಾಗ ಅದಕ್ಕೆ ಎಣ್ಣೆ ಹಚ್ಚಿ, ಹೊಸ ಫ್ಲಾನೆಲ್ ಸುತ್ತಿ ಕೊಟ್ಟೆ.

ಏನಾದರೂ ಕೇಳುವುದಿದ್ದರೆ ಕೇಳಿ. ನನ್ನ ಎಡಕ್ಕೆ ಕೂತವರು ಮಾತ್ರ ಸ್ವಲ್ಪ ಜೋರಾಗಿ.