ಆನ್‌ಲೈನ್ ಫಾರ್ಮಸಿ ಹೆಸರಲ್ಲಿ ಖಾತೆಯಿಂದ ದುಡ್ಡು ಹೋದರೆ: ಕಾಸರಗೋಡಿನವರಿಗೆ ಪೂರ್ತಿ ವಿವರ

ನಮಸ್ಕಾರ. ಸ್ಕ್ರೀನಿನಲ್ಲಿ ಈಗ ಕಾಣುವುದು ಬ್ಯಾಂಕಿನ ಒಂದು ಮಾದರಿ ಮೆಸೇಜ್. ₹1,899 ಡೆಬಿಟ್ ಆಗಿದೆ, ಪಕ್ಕದಲ್ಲಿ ಯಾವುದೋ ಫಾರ್ಮಾದ ಹೆಸರು. ಕುಂಬಳೆಯಿರಲಿ, ಬದಿಯಡ್ಕವಿರಲಿ, ಹಿರಿಯರಿಗೆ ಬಿಪಿ, ಶುಗರಿನ ಮಾತ್ರೆ ಆನ್‌ಲೈನಿನಲ್ಲಿ ತರಿಸುವ ಮನೆಗಳಲ್ಲಿ ಆರ್ಡರ್ ಹಾಕುವುದು ಮಗಳು, ಕಾರ್ಡ್ ಅಪ್ಪನದ್ದು, ಮೆಸೇಜ್ ಬರುವುದು ಇನ್ನೊಬ್ಬರ ಫೋನಿಗೆ. ಅದಕ್ಕೆ ಮೊದಲು ಮನೆಯಲ್ಲಿ ಕೇಳಿ. ಮೆಸೇಜಿನಲ್ಲಿ ಅಂಗಡಿಯ ಹೆಸರಿನ ಬದಲು ಪೇಮೆಂಟ್ ಗೇಟ್‌ವೇ, ಅಂದರೆ ಅಂಗಡಿಯ ಪರವಾಗಿ ದುಡ್ಡು ಪಡೆಯುವ ಕಂಪನಿಯ ಹೆಸರು ಬರುವುದೂ ಉಂಟು. ಹೆಸರು ನೋಡಬೇಡಿ, ಮೊತ್ತವನ್ನು ಆರ್ಡರಿನ ಬಿಲ್ಲಿಗೆ ತಾಳೆ ಹಾಕಿ. ಹತ್ತು ನಿಮಿಷದಲ್ಲಿ ಗೊತ್ತಾಗದಿದ್ದರೆ ನಮ್ಮದಲ್ಲ ಎಂದೇ ಹಿಡಿಯಿರಿ.

ಬ್ಯಾಂಕಿಗೆ ಫೋನ್ ಮಾಡುವ ಮೊದಲು ಒಂದು ತೀರ್ಮಾನ ಆಗಬೇಕು. ಹೋದ ದುಡ್ಡು ಮೂರರಲ್ಲಿ ಯಾವ ಜಾತಿಯದ್ದು? ಒಂದು, ನಿಮಗೆ ಗೊತ್ತೇ ಇಲ್ಲದೆ ಹೋದದ್ದು. ಎರಡು, ನೀವೇ ಕಟ್ಟಿದ್ದು, ಆದರೆ ಔಷಧ ಬರಲಿಲ್ಲ, ಅಥವಾ ಕಾಣದ ಒಂದು ಟಿಕ್‌ನಿಂದ ಮೆಂಬರ್‌ಶಿಪ್ ಶುರುವಾಗಿ ತಿಂಗಳು ತಿಂಗಳು ಕಟ್ ಆಗುತ್ತಿದೆ. ಮೂರು, ಯಾರದ್ದೋ ಮಾತು ನಂಬಿ ನೀವೇ ಒಟಿಪಿ ಅಥವಾ ಪಿನ್ ಕೊಟ್ಟದ್ದು. ಕೇಸುಗಳು ಬಿದ್ದುಹೋಗುವುದು ಹೆಚ್ಚಾಗಿ ಇಲ್ಲೇ. ಎರಡನೆಯದನ್ನು 'ನಾನು ಮಾಡಿಯೇ ಇಲ್ಲ' ಎಂದು ಬರೆಸಿದರೆ, ಅಂಗಡಿಯವರು ನಿಮ್ಮ ಒಟಿಪಿಯ ದಾಖಲೆ, ನಿಮ್ಮದೇ ಮನೆಯ ಡೆಲಿವರಿ ವಿಳಾಸ ಎರಡನ್ನೂ ಬ್ಯಾಂಕಿಗೆ ಕಳಿಸುತ್ತಾರೆ. ಅಲ್ಲಿಗೆ ಫೈಲ್ ಮುಚ್ಚಿತು. ಮಾಲು ಬಾರದ್ದಕ್ಕೆ ಚಾರ್ಜ್‌ಬ್ಯಾಕ್, ಅಂದರೆ ಬ್ಯಾಂಕ್ ಮೂಲಕ ಅಂಗಡಿಯಿಂದ ದುಡ್ಡು ವಾಪಸ್ ತರಿಸುವ ದಾರಿ ಬೇರೆಯೇ ಉಂಟು, ಅದನ್ನೇ ಕೇಳಿ.

ಮೊದಲ ಜಾತಿಯನ್ನು ವಿವರವಾಗಿ ನೋಡೋಣ. ಕಳ್ಳರು ಮೊದಲು ಒಂದೆರಡು ರೂಪಾಯಿ ತೆಗೆದು ಕಾರ್ಡ್ ಜೀವಂತವಾಗಿದೆಯೇ ಎಂದು ನೋಡಿ, ಆಮೇಲೆ ದೊಡ್ಡದಕ್ಕೆ ಕೈ ಹಾಕುವುದುಂಟು. ಹಾಗಾಗಿ ಎರಡು ರೂಪಾಯಿಯ ಮೆಸೇಜನ್ನೂ ಬಿಡಬೇಡಿ. ಬ್ಯಾಂಕಿನ ಆ್ಯಪ್ ತೆರೆದು ಕಾರ್ಡ್ ಬ್ಲಾಕ್ ಮಾಡಿ, ಆಮೇಲೆ ದೂರು ಕೊಡಿ, ದೂರಿನ ನಂಬರು, ದಿನಾಂಕ, ಸಮಯ ಬರೆದಿಡಿ. ಬರೇ ಬ್ಲಾಕ್ ಮಾಡಿ ಸುಮ್ಮನಾದರೆ 'ನಾವು ತಿಳಿಸಿದ್ದೇವೆ' ಎಂದು ತೋರಿಸಲು ಕೈಯಲ್ಲಿ ಏನೂ ಇರುವುದಿಲ್ಲ.

ಈ ಸಮಯಕ್ಕೆ ಯಾಕಿಷ್ಟು ಬೆಲೆ? ರಿಸರ್ವ್ ಬ್ಯಾಂಕ್ 2017ರ ಜುಲೈ 6ರ ಸುತ್ತೋಲೆಯಲ್ಲಿ ಹಾಕಿದ ಲೆಕ್ಕ ಹೀಗೆ. ತಪ್ಪು ನಿಮ್ಮದೂ ಅಲ್ಲ, ಬ್ಯಾಂಕಿನದೂ ಅಲ್ಲ, ಮೂರನೆಯವರದ್ದು ಎಂದಾದರೆ, ಬ್ಯಾಂಕಿನ ಮೆಸೇಜ್ ಬಂದ 3 ಕೆಲಸದ ದಿನದೊಳಗೆ ತಿಳಿಸಿದರೆ ನಿಮ್ಮ ಮೇಲೆ ಹೊಣೆ ಸೊನ್ನೆ. 4ರಿಂದ 7 ಕೆಲಸದ ದಿನದೊಳಗಾದರೆ ಸಾಮಾನ್ಯ ಉಳಿತಾಯ ಖಾತೆಗೆ ಗರಿಷ್ಠ ₹10,000ದವರೆಗೆ ನಿಮ್ಮ ತಲೆಗೆ ಬರಬಹುದು. 5 ಲಕ್ಷದವರೆಗೆ ಲಿಮಿಟ್ ಇರುವ ಕ್ರೆಡಿಟ್ ಕಾರ್ಡಿಗೂ ಅಷ್ಟೇ. ಮೂಲ ಉಳಿತಾಯ ಖಾತೆ, ಅಂದರೆ ಜನಧನದಂಥದ್ದಕ್ಕೆ ₹5,000. ಏಳು ದಿನ ದಾಟಿತೋ, ಆಯಾ ಬ್ಯಾಂಕಿನ ನೀತಿಯಲ್ಲಿ ಏನಿದೆಯೋ ಅದು.

ಗಡಿಯಲ್ಲಿರುವ ನಮಗೆ ಇಲ್ಲೊಂದು ವಿಶೇಷ ಉಂಟು. ಕೆಲಸದ ದಿನ ಎಣಿಸುವುದು ನೀವಿರುವ ಊರಿನ ಲೆಕ್ಕದಲ್ಲಲ್ಲ, ಖಾತೆ ಇರುವ ಶಾಖೆಯ ಲೆಕ್ಕದಲ್ಲಿ. ಮಂಜೇಶ್ವರದಲ್ಲಿ ಮನೆ, ಖಾತೆ ಮಂಗಳೂರಿನ ಶಾಖೆಯಲ್ಲಿ ಎಂದಿಟ್ಟುಕೊಳ್ಳಿ. ಓಣಂ ರಜೆಗೆ ಇಲ್ಲಿನ ಬ್ಯಾಂಕ್ ಬಾಗಿಲು ಹಾಕಿದರೂ ನಿಮ್ಮ ಶಾಖೆ ತೆರೆದಿದ್ದರೆ ದಿನ ಓಡುತ್ತಲೇ ಇರುತ್ತದೆ. ನವೆಂಬರ್ 1ಕ್ಕೆ ಇದು ತಿರುಗಾಮುರುಗಾ. ಮೆಸೇಜ್ ಬಂದ ದಿನವನ್ನು ಎಣಿಸುವುದಿಲ್ಲ. ಗುರುವಾರ ಬಂದರೆ ಶುಕ್ರವಾರ ಒಂದು, ಎರಡನೇ ಶನಿವಾರ ಮತ್ತು ಭಾನುವಾರ ಬಿಟ್ಟು ಸೋಮವಾರ ಎರಡು, ಮಂಗಳವಾರ ಮೂರು. ಆದರೂ ಆ್ಯಪ್, ಫೋನು ಇಪ್ಪತ್ನಾಲ್ಕು ಗಂಟೆಯೂ ಇರುವಾಗ ಮಂಗಳವಾರದ ತನಕ ಕಾಯುವುದು ಯಾಕೆ?

ತಿಳಿಸಿದ 10 ಕೆಲಸದ ದಿನದೊಳಗೆ ಬ್ಯಾಂಕ್ ಆ ಮೊತ್ತವನ್ನು ತಾತ್ಕಾಲಿಕವಾಗಿ ಖಾತೆಗೆ ತುಂಬಬೇಕು. ಇದಕ್ಕೆ ಶ್ಯಾಡೋ ಕ್ರೆಡಿಟ್ ಎನ್ನುತ್ತಾರೆ. ಅದನ್ನು ನೋಡಿ 'ಬಂತು, ಮುಗಿಯಿತು' ಎಂದು ಖರ್ಚಿನ ಲೆಕ್ಕ ಹಾಕಬೇಡಿ, ತೀರ್ಮಾನ ವಿರುದ್ಧವಾದರೆ ವಾಪಸ್ ಹೋಗುತ್ತದೆ. ಪೂರ್ತಿ ಇತ್ಯರ್ಥಕ್ಕೆ 90 ದಿನ. ತಪ್ಪು ನಿಮ್ಮದು ಎಂದು ಸಾಬೀತು ಮಾಡುವ ಭಾರ ಬ್ಯಾಂಕಿನದ್ದು. ಕೌಂಟರಿನಲ್ಲಿ 'ಒಟಿಪಿ ಹೋಗದೆ ದುಡ್ಡು ಹೋಗುವುದೇ ಇಲ್ಲ' ಎಂದು ಯಾರಾದರೂ ಹೇಳಿದರೆ, ವಿದೇಶಿ ಸೈಟುಗಳ ವಿಷಯ ನೆನಪಿಸಿ. ಹೊರದೇಶದ ಅಂಗಡಿಗಳು ಒಟಿಪಿ ಇಲ್ಲದೆಯೂ ಕಾರ್ಡಿನಿಂದ ಎಳೆಯಬಲ್ಲವು. ಪ್ರಿಸ್ಕ್ರಿಪ್ಷನ್ ಕೇಳದೆ ಮಾತ್ರೆ ಕಳಿಸುತ್ತೇವೆ ಎನ್ನುವ ಸೈಟುಗಳಲ್ಲಿ ಎಷ್ಟೋ ಹೊರಗಿನವೇ. ಹಾಗೆ ಹೋದದ್ದಾದರೆ ಸ್ಟೇಟ್‌ಮೆಂಟಿನಲ್ಲಿ ಫಾರಿನ್ ಕರೆನ್ಸಿ ಮಾರ್ಕಪ್ (ವಿದೇಶಿ ಹಣದ ವ್ಯವಹಾರಕ್ಕೆ ಬ್ಯಾಂಕ್ ಹಾಕುವ ಹೆಚ್ಚುವರಿ ಶುಲ್ಕ), ಅದರ ಮೇಲಿನ ಜಿಎಸ್‌ಟಿ ಬೇರೆ ಸಾಲಿನಲ್ಲಿ ಇರಬಹುದು. ದೂರಿನಲ್ಲಿ ಆ ಸಾಲುಗಳನ್ನೂ ಸೇರಿಸಿ. ಇಲ್ಲದಿದ್ದರೆ ಅಸಲು ಮಾತ್ರ ಬಂದು ಮಾರ್ಕಪ್ ಅಲ್ಲೇ ಉಳಿಯುತ್ತದೆ. ವಿದೇಶಿ ಬಳಕೆಯ ಸ್ವಿಚ್ ಬ್ಯಾಂಕ್ ಆ್ಯಪಿನ ಕಾರ್ಡ್ ಸೆಟ್ಟಿಂಗಿನಲ್ಲೇ ಉಂಟು, ಬೇಡದಿದ್ದರೆ ಆಫ್ ಮಾಡಿ ಇಡಿ.

ಇನ್ನೊಂದು, ಕಾರ್ಡ್ ಬ್ಲಾಕ್ ಮಾಡಿದ ಮಾತ್ರಕ್ಕೆ ಯುಪಿಐ ಆಟೋಪೇ, ಅಂದರೆ ಕಂತು ತಾನಾಗಿ ಕಟ್ ಆಗುವ ಏರ್ಪಾಡು, ನಿಲ್ಲುವುದಿಲ್ಲ. ಅದು ಹಿಡಿದಿರುವುದು ಖಾತೆಯನ್ನು, ಕಾರ್ಡನ್ನಲ್ಲ. ಯುಪಿಐ ಆ್ಯಪಿನ ಆಟೋಪೇ ವಿಭಾಗಕ್ಕೆ ಹೋಗಿ, ಸಂಶಯದ ಮ್ಯಾಂಡೇಟನ್ನು (ಕಟ್ ಮಾಡಲು ಕೊಟ್ಟ ಅನುಮತಿಯನ್ನು) ಕ್ಯಾನ್ಸಲ್ ಮಾಡಿ, ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಕಾರ್ಡಿನಲ್ಲಾಗಲಿ ಯುಪಿಐಯಲ್ಲಾಗಲಿ, ಇಂಥ ಕಂತು ₹15,000ದವರೆಗೆ ಪ್ರತಿ ಸಲ ಒಟಿಪಿ, ಪಿನ್ ಕೇಳದೆ ಹೋಗಬಹುದು. ಆದರೆ ಕಟ್ ಆಗುವ 24 ಗಂಟೆ ಮೊದಲು ನಿಮಗೆ ಮೆಸೇಜ್ ಬರಬೇಕು. ಜಾಹೀರಾತು ಎಂದು ನಾವು ಅಳಿಸಿಬಿಡುವುದು ಆ ಮೆಸೇಜನ್ನೇ.

ಬ್ಯಾಂಕಿಗೆ ಹೇಳಿದ ಬೆನ್ನಿಗೇ 1930. ಇದು ಸೈಬರ್ ವಂಚನೆಯ ಸಹಾಯವಾಣಿ. ದುಡ್ಡು ಮುಂದಿನ ಖಾತೆಗೆ ಜಾರುವ ಮೊದಲು ತಡೆಹಿಡಿಸುವುದು ಇದರ ಕೆಲಸ, ಹಾಗಾಗಿ ಮೊದಲ ಒಂದೆರಡು ಗಂಟೆಗೆ ಬೆಲೆ ಹೆಚ್ಚು. ಆ ಕಡೆಯವರು ಮಲಯಾಳದಲ್ಲಿ ಮಾತಾಡಲಿ, ಕನ್ನಡದಲ್ಲಿ ಮಾತಾಡಲಿ, ಬೇಕಾಗುವುದು ಇಷ್ಟೇ: ಬ್ಯಾಂಕಿನ ಹೆಸರು, ಖಾತೆ ಅಥವಾ ಕಾರ್ಡಿನ ನಂಬರು, ಮೊತ್ತ, ದಿನಾಂಕ ಮತ್ತು ಸಮಯ, ವ್ಯವಹಾರದ ಐಡಿ. ಯುಪಿಐಯಾದರೆ ಅದು 12 ಅಂಕೆಯ ನಂಬರು. ಆಮೇಲೆ ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್‌ನಲ್ಲಿ ದೂರನ್ನು ಪೂರ್ತಿ ಮಾಡಿ. ಖಾತೆ ಮಂಗಳೂರಿನದ್ದಾದರೂ ರಾಜ್ಯ ಕೇರಳ, ಜಿಲ್ಲೆ ಕಾಸರಗೋಡು ಎಂದೇ ಹಾಕಿ, ತನಿಖೆಗೆ ಕರೆಯುವುದು ನೀವಿರುವ ಕಡೆಯವರು. 1930ಕ್ಕೆ ಹೇಳಿದ್ದು ಬ್ಯಾಂಕಿಗೆ ಹೇಳಿದ ಹಾಗಲ್ಲ, ಎರಡೂ ಬೇಕು.

ಕಾರ್ಡ್ ಗಲ್ಫಿನಲ್ಲಿರುವ ಅಣ್ಣನದ್ದು, ಅಲ್ಲಿನ ಬ್ಯಾಂಕ್ ಕೊಟ್ಟದ್ದು ಎಂದಾದರೆ ಮೇಲೆ ಹೇಳಿದ ರಿಸರ್ವ್ ಬ್ಯಾಂಕಿನ ಲೆಕ್ಕ ಯಾವುದೂ ಅನ್ವಯಿಸುವುದಿಲ್ಲ. ಅಣ್ಣನೇ ಅಲ್ಲಿ ಡಿಸ್ಪ್ಯೂಟ್ ಹಾಕಬೇಕು. ಹೊರದೇಶದಲ್ಲಿರುವವರ ಎನ್‌ಆರ್‌ಇ ಖಾತೆ ಭಾರತದ ಬ್ಯಾಂಕಿನದ್ದಾದರೆ ಇಲ್ಲಿನ ನಿಯಮವೇ.

ಮೂರನೇ ಜಾತಿಗೆ ಬರೋಣ. ಬಾರದ ಔಷಧದ ರಿಫಂಡಿಗೆ ಗೂಗಲ್‌ನಲ್ಲಿ ಕಸ್ಟಮರ್ ಕೇರ್ ನಂಬರು ಹುಡುಕಿದರೆ ಸಿಗುವುದರಲ್ಲಿ ಕಳ್ಳರ ನಂಬರೂ ಇರುತ್ತದೆ. ನಂಬರು ತೆಗೆಯಬೇಕಾದ್ದು ಆ್ಯಪಿನ ಒಳಗಿಂದ. ಸ್ಕ್ರೀನ್ ಶೇರ್ ಮಾಡುವ ಆ್ಯಪ್ ಹಾಕಿ ಎಂದರೆ, ಐದು ರೂಪಾಯಿ ಕಳಿಸಿ ಎಂದರೆ ಫೋನ್ ಇಡಿ. ದುಡ್ಡು ಬರಲಿಕ್ಕೆ ಯುಪಿಐ ಪಿನ್ ಬೇಡ. ಇನ್ನು ಕೆಲವರು ಕಸ್ಟಮ್ಸ್ ಎನ್ನುತ್ತಾರೆ, ನಿಮ್ಮ ಪಾರ್ಸೆಲಿನಲ್ಲಿ ನಿಷೇಧಿತ ಮಾತ್ರೆ ಸಿಕ್ಕಿದೆ, ಡಿಜಿಟಲ್ ಅರೆಸ್ಟ್, ಅಂದರೆ ಫೋನಿನಲ್ಲೇ ಬಂಧನ ಎನ್ನುತ್ತಾರೆ. ಅಂಥ ಅರೆಸ್ಟ್ ಕಾನೂನಿನಲ್ಲೇ ಇಲ್ಲ. ಮಾತ್ರೆಯ ಹೆಸರು ಸರಿಯಾಗಿ ಹೇಳಿದರೆಂದು ನಂಬಬೇಡಿ, ನಕಲಿ ಸೈಟಿಗೆ ನಾವೇ ಅಪ್‌ಲೋಡ್ ಮಾಡಿದ ಪ್ರಿಸ್ಕ್ರಿಪ್ಷನ್ ಅವರ ಕೈಯಲ್ಲಿರಬಹುದು. ಒಟಿಪಿ ಕೊಟ್ಟುಬಿಟ್ಟಿದ್ದರೆ ತಿಳಿಸುವ ತನಕದ ನಷ್ಟ ನಿಮ್ಮದು, ತಿಳಿಸಿದ ಮೇಲೆ ಹೋದದ್ದು ಬ್ಯಾಂಕಿನದ್ದು. ನಾಚಿಕೆ ಪಟ್ಟು ಒಂದು ದಿನ ಕಳೆದರೆ ಆ ದಿನದ ನಷ್ಟವೂ ನಿಮ್ಮ ತಲೆಗೇ.

ಎರಡನೆಯ ಜಾತಿಗೆ 2020ರ ಇ-ಕಾಮರ್ಸ್ ನಿಯಮ ಉಂಟು. ಸೈಟಿನ ದೂರು ಅಧಿಕಾರಿ 48 ಗಂಟೆಯಲ್ಲಿ ದೂರು ಬಂತೆಂದು ಹೇಳಬೇಕು, ಒಂದು ತಿಂಗಳಲ್ಲಿ ಪರಿಹರಿಸಬೇಕು. ಆಗದಿದ್ದರೆ ಗ್ರಾಹಕ ಸಹಾಯವಾಣಿ 1915. ಪಾರ್ಸೆಲ್ ಬಂದು, ಬಿಲ್ಲಿನಲ್ಲಿ ಡ್ರಗ್ ಲೈಸೆನ್ಸ್ ನಂಬರು, ಬ್ಯಾಚ್ ನಂಬರು ಇಲ್ಲದಿದ್ದರೆ ಮಾತ್ರೆ ನುಂಗಬೇಡಿ, ಬಿಸಾಡಲೂ ಬೇಡಿ. ಪ್ಯಾಕೆಟ್, ಸ್ಟ್ರಿಪ್ ಸಾಕ್ಷಿ. ಕೊನೆಗೆ ಜಿಲ್ಲಾ ಗ್ರಾಹಕ ಆಯೋಗ. 2019ರ ಕಾಯ್ದೆ ಪ್ರಕಾರ ಅಂಗಡಿ ಎಲ್ಲೇ ಇದ್ದರೂ ನೀವು ವಾಸವಿರುವ ಕಾಸರಗೋಡಿನಲ್ಲೇ ಕೇಸು ಹಾಕಬಹುದು, ₹5 ಲಕ್ಷದವರೆಗೆ ಶುಲ್ಕವಿಲ್ಲ. ಬ್ಯಾಂಕೇ 30 ದಿನದಲ್ಲಿ ಉತ್ತರ ಕೊಡದಿದ್ದರೆ, ಅಥವಾ ಕೊಟ್ಟ ಉತ್ತರ ಸರಿಯಿಲ್ಲದಿದ್ದರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್, ಅಂದರೆ ಬ್ಯಾಂಕುಗಳ ಮೇಲಿನ ದೂರು ತೀರ್ಮಾನಿಸುವ ಅಧಿಕಾರಿಯ ಹತ್ತಿರ ಹೋಗಿ. ಅಲ್ಲಿಯೂ ಮೊದಲು ಕೇಳುವುದು ಬ್ಯಾಂಕಿಗೆ ಕೊಟ್ಟ ದೂರಿನ ನಂಬರು ಮತ್ತು ದಿನಾಂಕ.